ಇಂಗ್ಲೆಂಡಿನ ಹಳ್ಳಿಯಲ್ಲಿ ಹಳೇ ಲಿಸ್ಟೆಡ್ ಮನೆ: ಕೊಳ್ಳಬೇಕೋ ಬೇಡವೋ ತೀರ್ಮಾನಿಸುವುದು ಹೇಗೆ?

ಶ್ರಾಪ್‌ಶೈರ್, ಡೆವನ್, ನಾರ್ಫೋಕ್ ಕಡೆ ಮನೆ ಹುಡುಕಲು ಕೂತರೆ ಇಂಥ ಜಾಹೀರಾತು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇನ್ನೂರೈವತ್ತು ವರ್ಷದ ಮನೆ, ಐದಾರು ಮಲಗುವ ಕೋಣೆ, ಹಿಂದೆ ಹಣ್ಣಿನ ತೋಟ, ಪಕ್ಕದಲ್ಲಿ ಹಳೇ ಕುದುರೆ ಲಾಯ. ಲಂಡನ್ ಸುತ್ತಮುತ್ತ ಮನೆ ನೋಡಿ ಸುಸ್ತಾದವರಿಗೆ ಬೆಲೆಯೂ ಆಸೆ ಹುಟ್ಟಿಸುತ್ತದೆ. ಕೊನೆಯ ಸಾಲಿನಲ್ಲಿ ಎರಡು ಮಾತು ಇರುತ್ತವೆ: ಗ್ರೇಡ್ ಟೂ ಲಿಸ್ಟೆಡ್, ರಿನೊವೇಶನ್ ಅಗತ್ಯ. ಲಿಸ್ಟೆಡ್ ಅಂದರೆ ಚಾರಿತ್ರಿಕ ಮಹತ್ವದ ಕಟ್ಟಡವೆಂದು ರಾಷ್ಟ್ರೀಯ ಪಟ್ಟಿಗೆ ಸೇರಿ ಕಾನೂನಿನ ರಕ್ಷಣೆ ಪಡೆದದ್ದು. ಇಡೀ ಲೆಕ್ಕ ಬದಲಾಗುವುದು ಅಲ್ಲೇ.

ಇಂಥ ಮನೆ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಇವುಗಳನ್ನು ಪ್ರೀತಿಸಿ ನೋಡಿಕೊಳ್ಳುವವರು ಬೇಕೇ ಬೇಕು, ಇಲ್ಲದಿದ್ದರೆ ಬಿದ್ದೇ ಹೋಗುತ್ತವೆ. ಆದರೆ ಒಂದು ಪ್ರಶ್ನೆಗೆ ಮೊದಲೇ ಉತ್ತರ ಸಿಗಬೇಕು. ಕಾನೂನು ಎಷ್ಟು ಬದಲಾವಣೆಗೆ ಒಪ್ಪುತ್ತದೋ ಅಷ್ಟನ್ನೇ ಮಾಡಿಕೊಂಡು, ಈ ಮನೆಯಲ್ಲಿ ನಮ್ಮ ಸಂಸಾರ ಸುಖವಾಗಿ ಇರಬಲ್ಲದೇ? ಉತ್ತರ ಹುಡುಕುವ ಕ್ರಮವೂ ಮುಖ್ಯ. ಮೊದಲು ಬಿಟ್ಟಿ ಪರೀಕ್ಷೆಗಳು, ಆಮೇಲೆ ಅಗ್ಗದವು, ಕೊನೆಗೆ ದುಬಾರಿಯವು. ಪ್ರತಿ ಹಂತದಲ್ಲೂ "ಇಲ್ಲಿಗೇ ನಿಲ್ಲಿಸಬಹುದಾ?" ಎಂದು ಕೇಳಿಕೊಳ್ಳಿ. ಸಾವಿರಾರು ಪೌಂಡು ಖರ್ಚಾದ ಮೇಲೆ ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ಇಲ್ಲಿ ಹೇಳಿರುವುದು ಇಂಗ್ಲೆಂಡಿನ ನಿಯಮ. ವೇಲ್ಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವುದು ಕ್ಯಾಡೂ ಎಂಬ ಸಂಸ್ಥೆ. ಸ್ಕಾಟ್ಲೆಂಡಿನಲ್ಲಿ ಗ್ರೇಡ್ ಬದಲು ಎ, ಬಿ, ಸಿ ಎಂಬ ವರ್ಗಗಳಿವೆ. ತೆರಿಗೆಯೂ ಎರಡೂ ಕಡೆ ಬೇರೆ.

ಹಂತ 1: ಲಿಸ್ಟೆಡ್ ಅಂದರೆ ಏನೆಲ್ಲ ಎಂದು ಸರಿಯಾಗಿ ತಿಳಿದುಕೊಳ್ಳಿ

ಇಂಗ್ಲೆಂಡಿನಲ್ಲಿ ಮೂರು ದರ್ಜೆಗಳಿವೆ. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಅತಿ ಮಹತ್ವದ ಗ್ರೇಡ್ ಒನ್ ಸುಮಾರು ಶೇ. 2.5, ಗ್ರೇಡ್ ಟೂ ಸ್ಟಾರ್ ಸುಮಾರು ಶೇ. 5.8, ಉಳಿದ ಶೇ. 91.7ರಷ್ಟು ಗ್ರೇಡ್ ಟೂ. 1700ಕ್ಕಿಂತ ಮುಂಚೆ ಕಟ್ಟಿ, ಮೂಲರೂಪ ಒಂದಿಷ್ಟಾದರೂ ಉಳಿದಿರುವ ಮನೆಗಳು ಹೆಚ್ಚುಕಡಿಮೆ ಎಲ್ಲವೂ ಪಟ್ಟಿಯಲ್ಲಿವೆ. 1700ರಿಂದ 1850ರ ನಡುವಿನವೂ ಬಹುಪಾಲು ಇವೆ. ಹಾಗಾಗಿ ನೀವು ನೋಡುವ ಹಳ್ಳಿ ಮನೆ ಗ್ರೇಡ್ ಟೂ ಆಗಿರುವ ಸಾಧ್ಯತೆಯೇ ಜಾಸ್ತಿ.

"ಗ್ರೇಡ್ ಟೂ ತಾನೇ, ಮುಂಭಾಗ ಮುಟ್ಟದಿದ್ದರೆ ಸಾಕು" ಎಂದು ಎಷ್ಟೋ ಜನ ನಂಬಿದ್ದಾರೆ. ಇದು ಪೂರ್ತಿ ತಪ್ಪು. ಯಾವ ದರ್ಜೆಯಾದರೂ ಇಡೀ ಕಟ್ಟಡಕ್ಕೆ ರಕ್ಷಣೆ ಇದೆ, ಒಳಗೂ ಹೊರಗೂ. ಮೆಟ್ಟಿಲು, ಅಗ್ಗಿಷ್ಟಿಕೆ, ಬಾಗಿಲು, ನೆಲದ ಹಲಗೆ, ಗೋಡೆಯ ಗಾರೆ, ಹಿಂದಿನ ಮಾಲೀಕರು 1960ರಲ್ಲಿ ಕಟ್ಟಿಸಿದ ಅಡುಗೆಮನೆ ಕೂಡ. ಮನೆಯ ಅಂಗಳದೊಳಗೆ 1948ರ ಜುಲೈ 1ಕ್ಕಿಂತ ಮುಂಚಿನಿಂದ ಇರುವ ಲಾಯ, ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಸಾಮಾನ್ಯವಾಗಿ ಅದರೊಟ್ಟಿಗೇ ಸೇರುತ್ತವೆ. ಲಾಯವನ್ನು ಆಫೀಸ್ ಮಾಡಿಕೊಳ್ಳುವ ಯೋಚನೆ ಇರುವವರು ಇದನ್ನು ನೆನಪಿಡಬೇಕು.

ಕಟ್ಟಡದ ಸ್ವರೂಪ ಬದಲಾಗುವಂಥ ಯಾವ ಕೆಲಸಕ್ಕೂ ಕೌನ್ಸಿಲ್‌ನಿಂದ (ಅಲ್ಲಿಯ ಸ್ಥಳೀಯ ಆಡಳಿತದಿಂದ) ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಎಂಬ ಅನುಮತಿ ಬೇಕು. ಅರ್ಜಿಗೆ ಶುಲ್ಕವಿಲ್ಲ. ತೀರ್ಮಾನಕ್ಕೆ ಸರ್ಕಾರ ಇಟ್ಟಿರುವ ಗಡುವು 8 ವಾರ, ಆದರೆ ಎಷ್ಟೋ ಅರ್ಜಿಗಳು ಅದನ್ನು ಮೀರುತ್ತವೆ. ನಕ್ಷೆ, ಕಟ್ಟಡದ ಇತಿಹಾಸದ ವರದಿ ತಯಾರಿಸುವ ಆರ್ಕಿಟೆಕ್ಟ್‌ಗೆ ದುಡ್ಡು ಕೊಡಲೇಬೇಕು. ಅನುಮತಿಯಿಲ್ಲದೆ ಕೆಲಸ ಮಾಡಿದರೆ 1990ರ ಕಾಯ್ದೆ ಪ್ರಕಾರ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ. ಲಿಸ್ಟೆಡ್ ಅಂತ ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ.

ಇನ್ನೂ ಒಂದಿದೆ. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಏನಾದರೂ ಮಾಡಿದ್ದರೆ, ಜೈಲು ದಂಡ ನಿಮಗಲ್ಲ, ಸರಿ. ಆದರೆ ಅದನ್ನು ಮೊದಲಿನಂತೆ ಮಾಡಿ ಎಂಬ ನೋಟಿಸು ಈಗಿನ ಮಾಲೀಕರಿಗೇ ಬರುತ್ತದೆ. ಅದಕ್ಕೆ ಕಾಲಮಿತಿಯೇ ಇಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ಹಾಕಿಸಿದ ಪ್ಲಾಸ್ಟಿಕ್ ಕಿಟಕಿಗಳನ್ನು ಕಿತ್ತು ಮರದ ಕಿಟಕಿ ಕೂರಿಸುವ ಖರ್ಚು ನಿಮ್ಮ ತಲೆಗೆ ಬರಬಹುದು.

ಹಂತ 2: ಮನೆಯಲ್ಲೇ ಕೂತು ಆ ಕಟ್ಟಡದ ಪೂರ್ವಾಪರ ತಿಳಿಯಿರಿ

ಇದಕ್ಕೆ ಒಂದು ಸಂಜೆ ಸಾಕು, ಖರ್ಚು ಸೊನ್ನೆ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ರಾಷ್ಟ್ರೀಯ ಪಟ್ಟಿ ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿದೆ. ಮನೆಯ ಹೆಸರು ಹಾಕಿ ವಿವರಣೆ ಓದಿ. ಹಳೇ ವಿವರಣೆಗಳು ತೀರಾ ಚಿಕ್ಕವು. ಎಷ್ಟೋ ಸಲ ರಸ್ತೆಯಲ್ಲಿ ನಿಂತು ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿರುತ್ತಾರೆ, ಒಳಗಿನ ಒಂದು ಮಾತೂ ಇರುವುದಿಲ್ಲ. ಅಲ್ಲಿ ಬರೆದಿಲ್ಲ ಎಂದ ಮಾತ್ರಕ್ಕೆ ರಕ್ಷಣೆ ಇಲ್ಲ ಎಂದರ್ಥವಲ್ಲ, ಅದು ಕಟ್ಟಡ ಗುರುತಿಸಲು ಬರೆದದ್ದು ಅಷ್ಟೇ. 2013ರಿಂದ ಈಚೆಗೆ ಸೇರಿಸಿದ ಅಥವಾ ತಿದ್ದಿದ ವಿವರಣೆಗಳಲ್ಲಿ ಮಾತ್ರ, ಇಂಥ ಭಾಗಕ್ಕೆ ರಕ್ಷಣೆಯಿಲ್ಲ ಎಂದು ಖಚಿತವಾಗಿ ಬರೆಯಲು ಅವಕಾಶವಿದೆ. ಅಂಥ ಸಾಲು ಸಿಕ್ಕರೆ ಅದು ನಿಮ್ಮ ಅದೃಷ್ಟ.

ಆಮೇಲೆ ಆ ಊರಿನ ಕೌನ್ಸಿಲ್‌ನ ಪ್ಲಾನಿಂಗ್ ಪುಟ ತೆರೆಯಿರಿ. ಈ ವಿಳಾಸಕ್ಕೆ ಹಿಂದೆ ಬಂದ ಅರ್ಜಿಗಳು, ಸಿಕ್ಕ ಅನುಮತಿಗಳು, ತಿರಸ್ಕಾರಗಳು ಎಲ್ಲ ಸಿಗುತ್ತವೆ. ತಿರಸ್ಕಾರದ ಪತ್ರವನ್ನು ಒಂದಕ್ಷರ ಬಿಡದೆ ಓದಿ. ಈ ಮನೆಯಲ್ಲಿ ಕೌನ್ಸಿಲ್‌ಗೆ ಏನು ಅಮೂಲ್ಯ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದು ಅದರಲ್ಲೇ ಇರುತ್ತದೆ. ಅಕ್ಕಪಕ್ಕದ ಲಿಸ್ಟೆಡ್ ಮನೆಗಳ ಅರ್ಜಿಗಳನ್ನೂ ನೋಡಿ. ಈಗ ಏಜೆಂಟ್ ಹಾಕಿರುವ ಫೋಟೋಗಳನ್ನು ತೆಗೆದುಕೊಳ್ಳಿ. ಹೊಸ ಕಿಟಕಿ, ಒಡೆದ ಗೋಡೆ, ಅಟ್ಟದಲ್ಲಿ ಹೊಸ ಕೋಣೆ, ಹಿಂದೆ ಗಾಜಿನ ಮನೆ ಕಾಣುತ್ತಿದೆಯಾ? ಅದಕ್ಕೆ ಅನುಮತಿ ದಾಖಲೆ ಇದೆಯಾ? ಇಲ್ಲದಿದ್ದರೆ ಬರೆದಿಟ್ಟುಕೊಳ್ಳಿ, ಈ ಚೀಟಿ ಮುಂದೆ ಸಾಲಿಸಿಟರ್ (ಆಸ್ತಿ ವ್ಯವಹಾರ ನೋಡಿಕೊಳ್ಳುವ ವಕೀಲರ) ಕೈಗೆ ಹೋಗಬೇಕು.

ಕೊನೆಗೆ ಸರ್ಕಾರದ ಪ್ರವಾಹ ನಕ್ಷೆ, ಕೌಂಟಿಯ ಕಾಲುದಾರಿ ನಕ್ಷೆ ನೋಡಿ. ನಿಮ್ಮ ಅಡುಗೆಮನೆ ಕಿಟಕಿ ಮುಂದೆಯೇ ಸಾರ್ವಜನಿಕ ಕಾಲುದಾರಿ ಹಾದು ಹೋಗುತ್ತಿರಬಹುದು, ಅದನ್ನು ಮುಚ್ಚುವ ಹಕ್ಕು ಮಾಲೀಕರಿಗಿಲ್ಲ.

ಹಂತ 3: ಏನು ಬದಲಿಸಬೇಕು ಅಂದುಕೊಂಡಿದ್ದೀರೋ ಬರೆಯಿರಿ

ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ, ಆಮೇಲೆ ಹೋಲಿಸಿ ನೋಡಿ. ಒಬ್ಬರ ಮನಸ್ಸಿನಲ್ಲಿ ಹಳೇ ಮನೆ ಇದ್ದಂತೆಯೇ ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ಅಡುಗೆಮನೆ, ಊಟದ ಕೋಣೆ, ಹಾಲ್ ಒಂದೇ ಆಗಿರುತ್ತದೆ. ಈ ಜಗಳ ಕೊಳ್ಳುವ ಮುಂಚೆಯೇ ಆಗಿ ಮುಗಿಯಲಿ.

ಸಾಮಾನ್ಯವಾಗಿ ಒಪ್ಪಿಗೆ ಸಿಗುವವು: ಹಳೇ ವಸ್ತುವಿನಿಂದಲೇ, ಹಳೇ ಕ್ರಮದಲ್ಲೇ ರಿಪೇರಿ (ಎಷ್ಟೋ ಸಲ ಅನುಮತಿಯೇ ಬೇಕಿಲ್ಲ, ಆದರೂ ಕೇಳಿ ಬರವಣಿಗೆಯಲ್ಲಿ ಪಡೆಯಿರಿ), ಇಪ್ಪತ್ತನೇ ಶತಮಾನದ ಅಡುಗೆಮನೆ ಬಚ್ಚಲುಮನೆ ಬದಲಿಸುವುದು, ಹಳೇ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಪದರ ಕೂರಿಸುವುದು, ಅಟ್ಟದ ನೆಲಕ್ಕೆ ಉಣ್ಣೆಯಂಥ ಶಾಖ ತಡೆಯುವ ಹಾಸು. ವಾದ ಮಾಡಬೇಕಾದವು: ಹಿಂಭಾಗದಲ್ಲಿ ಸಣ್ಣ ವಿಸ್ತರಣೆ, ಒಂದು ಕೋಣೆಯನ್ನು ಬಚ್ಚಲುಮನೆ ಮಾಡುವುದು, ಸೋಲಾರ್ ಫಲಕ, ಹೀಟ್ ಪಂಪ್. ಮರೆತುಬಿಡುವುದೇ ಒಳ್ಳೆಯದು: ಮೂಲ ಗೋಡೆ ಒಡೆದು ಕೋಣೆ ಸೇರಿಸುವುದು, ಮೂಲ ಮೆಟ್ಟಿಲು ಜಾಗ ಬದಲಿಸುವುದು, ಚಿಮಣಿ ಕೆಡವುವುದು, ಹಳೇ ಕಿಟಕಿ ಕಿತ್ತು ಎರಡು ಪದರ ಗಾಜಿನ ಪ್ಲಾಸ್ಟಿಕ್ ಕಿಟಕಿ (ಡಬಲ್ ಗ್ಲೇಜಿಂಗ್) ಹಾಕುವುದು.

ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತು. ದಿನಾ ಒಗ್ಗರಣೆ ಹಾಕುವ, ಹುರಿಯುವ, ಕುಕ್ಕರ್ ಕೂಗಿಸುವ ಅಡುಗೆಗೆ ಹೊಗೆ ಹೊರಗೆ ಹೋಗುವ ದಾರಿ ಚೆನ್ನಾಗಿರಬೇಕು. ಗಾಳಿ ಒಳಗೇ ಸುತ್ತಿಸುವ ಹುಡ್ ಸಾಲದು. ಹಳೇ ಗೋಡೆಯಲ್ಲಿ ಪೈಪಿಗೆ ರಂಧ್ರ ಕೊರೆಯಲು ಅನುಮತಿ ಬೇಕು. ಅಡುಗೆಮನೆ ಎಂದು ನೀವು ಮನಸ್ಸಿನಲ್ಲಿಟ್ಟುಕೊಂಡ ಕೋಣೆಯಲ್ಲಿ ಬಳಸದ ಚಿಮಣಿ ಇದ್ದರೆ ಪೈಪನ್ನು ಅದರೊಳಗೇ ಮೇಲಕ್ಕೆ ಒಯ್ಯುವುದು ಸುಲಭವಾಗಬಹುದು. ಹಾಗೆಯೇ ಮಹಡಿ ಮೇಲಿನ ಬಚ್ಚಲು. ಅಲ್ಲಿ ನೆಲ ಮರದ ಹಲಗೆ, ಕೆಳಗೆ ಮರದ ಪಟ್ಟಿಗೆ ಗಾರೆ ಮೆತ್ತಿದ ಇನ್ನೂರು ವರ್ಷದ ಸೀಲಿಂಗ್. ಬಕೆಟ್ಟಿನಲ್ಲಿ ನೀರು ಸುರಿದುಕೊಂಡು ಸ್ನಾನ ಮಾಡುವ ಅಭ್ಯಾಸ ಇರುವವರಿಗೆ ಅದು ಹೊಂದುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದು ಆರು ತಿಂಗಳು ಇರುವುದಾದರೆ ಕೆಳಗಡೆ ಒಂದು ಮಲಗುವ ಕೋಣೆ, ಬಚ್ಚಲು ಸಾಧ್ಯವೇ ನೋಡಿ. ಕಡಿದಾದ ಸುರುಳಿ ಮೆಟ್ಟಿಲನ್ನು ಅಗಲ ಮಾಡಲು ಯಾರೂ ಬಿಡುವುದಿಲ್ಲ.

ನಿಮ್ಮ ಪಟ್ಟಿಯ ಮುಖ್ಯ ಮೂರು ಸಂಗತಿಗಳೂ "ಮರೆತುಬಿಡಿ" ಗುಂಪಿನಲ್ಲಿದ್ದರೆ ಇಲ್ಲಿಗೇ ನಿಲ್ಲಿಸಿ. ಮನೆ ನೋಡಲೂ ಹೋಗಬೇಡಿ.

ಹಂತ 4: ಮನೆ ನೋಡಲು ಹೋದಾಗ ನೀರನ್ನು ಹಿಂಬಾಲಿಸಿ

ಹಳೇ ಮನೆಯ ರೋಗಗಳಿಗೆ ಬಹುಪಾಲು ಮೂಲ ನೀರು. ಆದ್ದರಿಂದ ಸಾಧ್ಯವಾದರೆ ಒಮ್ಮೆ ಮಳೆ ಬರುವಾಗಲೇ ಹೋಗಿ. ಏಜೆಂಟ್ ಕೊಡೆ ಹಿಡಿದು ಒಳಗೆ ಕರೆದರೂ ಮೊದಲು ಹೊರಗೆ ಒಂದು ಸುತ್ತು ಹಾಕಿ.

ತಲೆಯೆತ್ತಿ ಸೂರಿನಂಚಿನ ಗಟರ್ ನೋಡಿ. ಹುಲ್ಲು ಬೆಳೆದಿದೆಯಾ? ಯಾವ ಜಾಗದಲ್ಲಿ ನೀರು ಉಕ್ಕಿ ಗೋಡೆ ಮೇಲೆ ಇಳಿಯುತ್ತಿದೆ? ಹಳೇ ಮನೆಗಳಲ್ಲಿ ನೀರಿಳಿಯುವ ಕೊಳವೆಗಳು ಎರಕದ ಕಬ್ಬಿಣದವು. ಅವನ್ನು ಗೋಡೆಗೆ ತೀರಾ ಒತ್ತಿ ಕೂರಿಸಿರುತ್ತಾರೆ, ಹಿಂಬದಿಗೆ ಬಣ್ಣದ ಕುಂಚ ಹೋಗುವುದೇ ಇಲ್ಲ. ತುಕ್ಕು ಹಿಡಿದು ಸೀಳುವುದೂ ಅಲ್ಲೇ. ಮುಂದಿನಿಂದ ನೋಡಿದರೆ ಕಪ್ಪಗೆ ಹೊಳೆಯುತ್ತಿರುತ್ತದೆ. ಪಕ್ಕಕ್ಕೆ ಸರಿದು, ಕೊಳವೆ ಮತ್ತು ಗೋಡೆಯ ನಡುವಿನ ಸಂದಿಗೆ ಟಾರ್ಚ್ ಬಿಡಿ. ಹಸಿರು ಪಾಚಿಯ ಗೆರೆ ಮೇಲಿಂದ ಕೆಳಗೆ ಇಳಿದಿದ್ದರೆ ವರ್ಷಗಟ್ಟಲೆ ನೀರು ಗೋಡೆಯೊಳಗೆ ಹೋಗಿದೆ ಎಂದರ್ಥ. ಈಗ ಒಳಗೆ ಹೋಗಿ ಅದೇ ಗೋಡೆಯ ಹಿಂಬದಿ ಹುಡುಕಿ. ಬೀರು ಇಟ್ಟಿದ್ದರೆ ಬೀರುವಿನ ಹಿಂದೆ ಇಣುಕಿ. ಮೂಲೆಯಲ್ಲಿ ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ ಅದಾಗಿದ್ದರೆ ತೊಲೆಯ ತುದಿ ಕೊಳೆತಿರುವ ಸಾಧ್ಯತೆ ಜಾಸ್ತಿ. ನೂರೈವತ್ತು ಪೌಂಡಿನಲ್ಲಿ ಮುಗಿಯುತ್ತಿದ್ದ ಕೊಳವೆ ರಿಪೇರಿ ಹೀಗೆಯೇ ಸಾವಿರಾರು ಪೌಂಡಿನ ಬಡಗಿ ಕೆಲಸವಾಗುತ್ತದೆ.

ಆಮೇಲೆ ಗೋಡೆಗೆ ಏನು ಹಚ್ಚಿದ್ದಾರೆ ನೋಡಿ. ಸುಮಾರು 1919ಕ್ಕಿಂತ ಹಿಂದಿನ ಮನೆಗಳ ಗೋಡೆ ಗಟ್ಟಿ ಕಲ್ಲು ಇಲ್ಲವೇ ಇಟ್ಟಿಗೆ, ನಡುವೆ ಪೊಳ್ಳು ಇಲ್ಲ, ಜೋಡಿಸಿದ್ದು ಸುಣ್ಣದ ಗಾರೆಯಲ್ಲಿ. ನಮ್ಮೂರ ತೊಟ್ಟಿ ಮನೆಗಳಲ್ಲಿ ಬೆಳೆದವರಿಗೆ ಈ ಗಾರೆ ಗೊತ್ತು. ಸುಣ್ಣ ನೀರನ್ನು ಸ್ವಲ್ಪ ಹೀರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟುಬಿಡುತ್ತದೆ. ಮನೆ ಸ್ವಲ್ಪ ಕದಲಿದರೂ ಬಿರುಕು ಬಿಡದೆ ಹೊಂದಿಕೊಳ್ಳುತ್ತದೆ. ಇಂಥ ಗೋಡೆಗೆ ಹೊರಗಿಂದ ಸಿಮೆಂಟ್ ಬಳಿದರೆ, ಒಳಗೆ ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ, ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇಲ್ಲ. ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮಳೆ ನೀರು ಒಳಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. ಇಟ್ಟಿಗೆ ಸಂದಿಗೆ ಸಿಮೆಂಟ್ ತುಂಬಿದ್ದರೂ ಅದೇ ಕಥೆ. ಸಂದಿಯ ಸಿಮೆಂಟ್ ಗಟ್ಟಿಯಾಗಿ ಹಾಗೇ ನಿಂತಿರುತ್ತದೆ, ಪಕ್ಕದ ಇಟ್ಟಿಗೆಯ ಮುಖ ಚಳಿಗಾಲದ ಹಿಮಕ್ಕೆ ಉದುರಿ ಒಳಕ್ಕೆ ಸರಿದಿರುತ್ತದೆ.

ಒಳಗೆ ಗೋಡೆಯ ಕೆಳಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ, ಬಿಳಿ ಉಪ್ಪು ಹೊರಬಂದಿದೆಯಾ ಗಮನಿಸಿ. ಇದನ್ನು ನೋಡಿದ ತಕ್ಷಣ "ನೆಲದಿಂದ ತೇವ ಏರಿದೆ, ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಕೊಡಬೇಕು" ಎನ್ನುವವರು ಬೇಕಾದಷ್ಟು ಜನ. ಬಿಟ್ಟಿ ತಪಾಸಣೆಗೆ ಬರುವವರು ಸಾಮಾನ್ಯವಾಗಿ ಆ ಇಂಜೆಕ್ಷನ್ ಮಾರುವವರೇ. ಅವರು ಹಿಡಿಯುವ ವಿದ್ಯುತ್ ಮೀಟರ್ ಅಳೆಯಲು ಹುಟ್ಟಿದ್ದು ಮರದ ತೇವವನ್ನು. ಉಪ್ಪಿರುವ ಗೋಡೆಗೆ ಒತ್ತಿದರೆ ತೇವ ಕಡಿಮೆಯಿದ್ದರೂ ಮುಳ್ಳು ಮೇಲಕ್ಕೆ ಹೋಗುತ್ತದೆ. ನಿಜವಾದ ಕಾರಣ ಎಷ್ಟೋ ಸಲ ಸರಳ. ನೂರಾರು ವರ್ಷದಲ್ಲಿ ಹೊರಗಿನ ಮಣ್ಣು ಏರಿ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ, ಅಥವಾ ಯಾರೋ ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಕಿರುತ್ತಾರೆ. ಮಣ್ಣು ತಗ್ಗಿಸಿ, ಗಟರ್ ಸರಿಮಾಡಿ, ಸಿಮೆಂಟ್ ತೆಗೆದು ಸುಣ್ಣ ಹಚ್ಚಿದರೆ ಗೋಡೆ ನಿಧಾನವಾಗಿ ಒಣಗುತ್ತದೆ. ನಿಧಾನ ಎಂದರೆ ವರ್ಷಗಳೇ ಆಗಬಹುದು. ಸುಣ್ಣದ ಕೆಲಸಕ್ಕೆ ಹಿಮ ಆಗದು, 5 ಡಿಗ್ರಿಗಿಂತ ಕೆಳಗೆ ಮಾಡುವಂತಿಲ್ಲ, ಹಾಗಾಗಿ ಇಂಗ್ಲೆಂಡಿನಲ್ಲಿ ಹೊರಗಿನ ಕೆಲಸಕ್ಕೆ ಸಿಗುವುದು ವಸಂತದಿಂದ ಶರತ್ಕಾಲದ ಆರಂಭದವರೆಗೆ ಅಷ್ಟೇ. ಈ ಕಾಲದ ಲೆಕ್ಕವೂ ನಿಮ್ಮ ಯೋಜನೆಯಲ್ಲಿರಲಿ.

ಮರದ ವಿಷಯ. ಕುಟ್ಟೆ ಹಿಡಿದ ತೊಲೆ ಕಂಡು ಹೆದರಬೇಡಿ, ಹಳೇ ಓಕ್ ತೊಲೆಗಳಲ್ಲಿ ತೂತು ಇದ್ದೇ ಇರುತ್ತದೆ, ಬಹಳಷ್ಟು ಸಲ ಹುಳು ಯಾವತ್ತೋ ಹೋಗಿರುತ್ತದೆ. ಕೆಳಗೆ ಹೊಸದಾಗಿ ಪುಡಿ ಉದುರಿದ್ದರೆ ಮಾತ್ರ ಯೋಚಿಸಿ. ಮಿಲಿಮೀಟರಿನಷ್ಟು ತೂತು ಸಾಮಾನ್ಯ ಮರಹುಳು. ಸುಮಾರು 3 ಮಿ.ಮೀ. ಇದ್ದರೆ ಡೆತ್‌ವಾಚ್ ಎಂಬ ದುಂಬಿ, ಅದು ತೇವದ ಓಕ್ ಮರವನ್ನು ಆಳವಾಗಿ ತಿನ್ನುತ್ತದೆ. ಇದಕ್ಕಿಂತ ಗಂಭೀರ ಡ್ರೈ ರಾಟ್ ಎಂಬ ಶಿಲೀಂಧ್ರ. ಮುಚ್ಚಿದ ಕೋಣೆಯಲ್ಲಿ ಅಣಬೆ ವಾಸನೆ, ಇಟ್ಟಿಗೆ ಬಣ್ಣದ ನುಣ್ಣನೆ ಧೂಳು, ಚೌಕ ಚೌಕವಾಗಿ ಬಿರಿದ ಮರ ಕಂಡರೆ ಮುಂದಿನ ಹೆಜ್ಜೆ ತಜ್ಞರದ್ದೇ. ಇದಕ್ಕೂ ಬೇರು ನೀರೇ. ಸೋರಿಕೆ ನಿಲ್ಲಿಸದೆ ಔಷಧಿ ಹೊಡೆದು ಪ್ರಯೋಜನವಿಲ್ಲ.

ಹುಲ್ಲಿನ ಸೂರಿನ ಮನೆಯಾದರೆ ಕೊನೆಯ ಸಲ ಯಾವಾಗ ಹೊದಿಸಿದ್ದು ಎಂದು ಕೇಳಿ. ಹುಲ್ಲಿನ ಬಗೆ ನೋಡಿ ಇಡೀ ಹೊದಿಕೆ ದಶಕಗಳೇ ಬಾಳಬಹುದು, ಆದರೆ ನೆತ್ತಿಯ ಸಾಲನ್ನು 10ರಿಂದ 15 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ವಿಮೆಯೂ ಜಾಸ್ತಿ.

ಹಂತ 5: ಅಟ್ಟದಲ್ಲಿ ಬಾವಲಿ ಇದೆಯಾ?

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಎಲ್ಲ ಬಾವಲಿಗಳಿಗೂ ಅವುಗಳ ವಾಸದ ಜಾಗಕ್ಕೂ ಕಾನೂನಿನ ರಕ್ಷಣೆ ಇದೆ. ಆ ಹೊತ್ತಿನಲ್ಲಿ ಬಾವಲಿ ಅಲ್ಲಿ ಇಲ್ಲದಿದ್ದರೂ ಜಾಗವನ್ನು ಕೆಡಿಸುವಂತಿಲ್ಲ. ಸೂರಿನ ಕೆಲಸಕ್ಕೆ ಅನುಮತಿ ಕೇಳಿದರೆ ಕೌನ್ಸಿಲ್ ಪರಿಸರ ತಜ್ಞರ ವರದಿ ಕೇಳುತ್ತದೆ. ಮುಸ್ಸಂಜೆ ಹಾರಿ ಹೊರಡುವುದನ್ನು ಎಣಿಸುವ ಸಮೀಕ್ಷೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಮಾತ್ರ ಆಗುತ್ತದೆ. ಅಕ್ಟೋಬರಿನಲ್ಲಿ ಮನೆ ಕೊಂಡರೆ ಮುಂದಿನ ಬೇಸಿಗೆವರೆಗೆ ಕಾಯಬೇಕು, ಆಮೇಲೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಪರವಾನಗಿ, ಆಮೇಲೆ ಕೆಲಸ. ಅಟ್ಟದ ನೆಲದಲ್ಲಿ ಇಲಿ ಹಿಕ್ಕೆಯಂಥದ್ದು ಕಂಡರೆ ಬೆರಳಿಗೆ ಕಾಗದ ಸುತ್ತಿಕೊಂಡು ಒತ್ತಿ ನೋಡಿ. ಬಾವಲಿಯದ್ದಾದರೆ ಪುಡಿಪುಡಿಯಾಗುತ್ತದೆ, ಕೀಟದ ರೆಕ್ಕೆಯ ಚೂರುಗಳು ಮಿನುಗುತ್ತವೆ. ಇಲಿಯದು ಹಾಗಾಗುವುದಿಲ್ಲ.

ಹಂತ 6: ನಲ್ಲಿ, ಚರಂಡಿ, ಬಿಸಿನೀರು

ಹಳ್ಳಿಯಲ್ಲಿ ಗ್ಯಾಸ್ ಲೈನ್ ಇಲ್ಲದಿರುವುದೇ ಜಾಸ್ತಿ. ಮನೆ ಬೆಚ್ಚಗಾಗುವುದು ಸೀಮೆಎಣ್ಣೆ ಟ್ಯಾಂಕಿನಿಂದ ಇಲ್ಲವೇ ಸಿಲಿಂಡರಿನಿಂದ. ಕಳೆದ ಎರಡು ಚಳಿಗಾಲದ ಬಿಲ್ ಕೇಳಿ ಪಡೆಯಿರಿ. ಕೊಳಚೆ ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗುವುದಾದರೆ ಅಲ್ಲಿಂದ ಎಲ್ಲಿಗೆ ಎಂಬುದು ಮುಖ್ಯ. ಟ್ಯಾಂಕಿನ ನೀರು ನೇರ ಹಳ್ಳಕ್ಕೋ ಹೊಳೆಗೋ ಬೀಳುವುದಕ್ಕೆ ಇಂಗ್ಲೆಂಡಿನಲ್ಲಿ ಈಗ ಅವಕಾಶವಿಲ್ಲ, ಹಾಗಿದ್ದರೆ ಹೊಸ ವ್ಯವಸ್ಥೆಯ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಕುಡಿಯುವ ನೀರು ಬಾವಿಯದ್ದಾದರೆ ಪರೀಕ್ಷೆ ವರದಿ ಕೇಳಿ. ಸೀಸದ ಪೈಪು, ರಬ್ಬರ್ ಹೊದಿಕೆಯ ಹಳೇ ವೈರಿಂಗ್, ಆಸ್ಬೆಸ್ಟಾಸ್ ಇದೆಯಾ ಎಂದು ಸರ್ವೇಯರ್‌ಗೆ (ಕಟ್ಟಡದ ಸ್ಥಿತಿ ಪರೀಕ್ಷಿಸುವ ತಜ್ಞರಿಗೆ) ಹೇಳಿ ನೋಡಿಸಿ.

ಹಂತ 7: ಈಗ ದುಡ್ಡು ಬಿಚ್ಚಿ, ಸರಿಯಾದ ಸರ್ವೇಯರ್ ಹುಡುಕಿ

ಬ್ಯಾಂಕು ಕಳಿಸುವವರು ಬ್ಯಾಂಕಿನ ಸಾಲ ಸುರಕ್ಷಿತವೇ ಎಂದು ನೋಡುತ್ತಾರೆ ಅಷ್ಟೇ. ನಿಮಗೆ ಬೇಕಾದ್ದು ಲೆವೆಲ್ ತ್ರೀ ಸರ್ವೆ, ಅಂದರೆ ಕಟ್ಟಡದ ಅತಿ ವಿವರವಾದ ತಪಾಸಣೆ, ಅದೂ ಹಳೇ ಕಟ್ಟಡಗಳ ಸಂರಕ್ಷಣೆಯಲ್ಲಿ ಮಾನ್ಯತೆ ಪಡೆದವರಿಂದ. ಎಸ್‌ಪಿಎಬಿ ಎಂಬ ಸಂಘವಿದೆ. ಪುರಾತನ ಕಟ್ಟಡಗಳನ್ನು ಉಳಿಸಲು ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಕಟ್ಟಿದ್ದು, ಇವತ್ತಿಗೂ ಹಳೇ ಮನೆಯವರಿಗೆ ಸಲಹೆ ಕೊಡುತ್ತದೆ. ಅವರ ಬರಹಗಳನ್ನು ಓದಿದರೆ ಸರ್ವೇಯರ್ ಹತ್ತಿರ ಏನು ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಸರ್ವೇಯರ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: "ಗೋಡೆ ತೇವವಾಗಿದ್ದರೆ ನೀವು ಏನು ಮಾಡಲು ಹೇಳುತ್ತೀರಿ?" ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮಾತಾಡಿದವರು ಸರಿಯಾದವರು. ವರದಿ ಬಂದ ಮೇಲೆ ಫೋನ್ ಮಾಡಿ ಮಾತಾಡಿ. ಕಾಗದದಲ್ಲಿ ಎಲ್ಲವೂ ಅಪಾಯ ಅನ್ನುವಂತೆ ಬರೆದಿರುತ್ತಾರೆ. ಈ ವರ್ಷವೇ ಆಗಬೇಕಾದ್ದು ಯಾವುದು, ಐದು ವರ್ಷ ಕಾಯಬಹುದಾದ್ದು ಯಾವುದು, ಸುಮ್ನೆ ಬಿಟ್ಟುಬಿಡಬಹುದಾದ್ದು ಯಾವುದು ಎಂದು ಬಾಯಿಬಿಟ್ಟು ಕೇಳಿದರೆ ಹೇಳುತ್ತಾರೆ.

ಹಂತ 8: ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್, ಮತ್ತು ಫೋನ್ ಮಾಡುವ ಮುಂಚೆ ಸಾಲಿಸಿಟರ್

ಹಂತ 3ರ ಪಟ್ಟಿ ಹಿಡಿದುಕೊಂಡು, ಹಳೇ ಕಟ್ಟಡಗಳ ವಿಷಯ ನೋಡಿಕೊಳ್ಳುವ ಕನ್ಸರ್ವೇಶನ್ ಆಫೀಸರ್ ಹತ್ತಿರ ಅರ್ಜಿಪೂರ್ವ ಸಲಹೆ ಪಡೆಯಬಹುದು. ಬಹಳ ಕೌನ್ಸಿಲ್‌ಗಳು ಇದಕ್ಕೆ ಶುಲ್ಕ ತೆಗೆದುಕೊಳ್ಳುತ್ತವೆ. ಅವರ ಮಾತು ಅಂತಿಮ ತೀರ್ಪಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯುತ್ತದೆ. ಇವರನ್ನು ಶತ್ರು ಎಂದು ನೋಡುವವರೇ ಹೆಚ್ಚು. ಇಂಥ ಒಬ್ಬರು ನೂರಾರು ಹಳೇ ಮನೆಗಳ ಒಳಹೊಕ್ಕು ನೋಡಿರುತ್ತಾರೆ, ಆ ಜಿಲ್ಲೆಯಲ್ಲಿ ಸುಣ್ಣದ ಕೆಲಸ ಯಾರು ಚೆನ್ನಾಗಿ ಮಾಡುತ್ತಾರೆ ಎಂದು ಬಲ್ಲವರು. ಗೌರವದಿಂದ ಕೇಳಿದರೆ ಕಲಿಸುತ್ತಾರೆ.

ಆದರೆ ಒಂದು ಎಚ್ಚರಿಕೆ. ಮನೆಯಲ್ಲಿ ಅನುಮತಿಯಿಲ್ಲದ ಕೆಲಸ ಆಗಿದೆ ಎಂಬ ಸಂಶಯವಿದ್ದರೆ ಸಾಲಿಸಿಟರ್ ಕೇಳದೆ ಕೌನ್ಸಿಲ್‌ಗೆ ಫೋನ್ ಮಾಡಬೇಡಿ. ಇಂಥ ಕಡೆ ಮಾರುವವರು ಸಾಮಾನ್ಯವಾಗಿ ಒಂದು ವಿಮೆ ಕೊಡಲು ಮುಂದಾಗುತ್ತಾರೆ. ಕೌನ್ಸಿಲ್‌ಗೆ ವಿಷಯ ತಲುಪಿತು ಎಂದಾದರೆ ಆ ವಿಮೆ ಸಿಗುವುದಿಲ್ಲ. ವಿಮೆ ಸಿಕ್ಕಿದರೂ ಅದು ತಪ್ಪು ಕೆಲಸವನ್ನು ಸಕ್ರಮ ಮಾಡುವುದಿಲ್ಲ, ನೋಟಿಸು ಬಂದರೆ ಖರ್ಚು ಕೊಡುತ್ತದೆ ಅಷ್ಟೇ. ನೀವೇ ಮುಂದೆ ಬೇರೆ ಕೆಲಸಕ್ಕೆ ಅನುಮತಿ ಕೇಳುವವರಾದರೆ, ಅಧಿಕಾರಿ ಮನೆಗೆ ಬಂದಾಗ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಅಂಥವರಿಗೆ ವಿಮೆಗಿಂತ, ಮಾರುವವರೇ ಮೊದಲು ಅನುಮತಿ ಪಡೆದು ಕೊಡಲಿ ಎಂದು ಪಟ್ಟು ಹಿಡಿಯುವುದು ಅಥವಾ ಸರಿಪಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸುವುದು ಒಳ್ಳೆಯದು.

ಸಾಲಿಸಿಟರ್ ಹಳ್ಳಿ ಆಸ್ತಿಗಳಲ್ಲಿ ಪಳಗಿದವರಾಗಿರಲಿ. ದಾರಿಯ ಹಕ್ಕು, ನೀರಿನ ಪೈಪು ಪಕ್ಕದ ಜಮೀನಿನಲ್ಲಿ ಹಾದು ಬರುವ ಹಕ್ಕು, ಊರ ಚರ್ಚಿನ ಒಂದು ಭಾಗದ ರಿಪೇರಿ ಖರ್ಚು ಹೊರುವ ಹಳೇ ಹೊಣೆ, ಇವೆಲ್ಲ ಅವರು ನೋಡಬೇಕು. ಕೊನೆಯದು ತಮಾಷೆಯಲ್ಲ. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್‌ಲೋ ಊರಿನ ಜಮೀನಿನ ಮಾಲೀಕ ದಂಪತಿ ಇದರ ವಿರುದ್ಧ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದರು, 2003ರಲ್ಲಿ ತೀರ್ಪು ಅವರ ವಿರುದ್ಧವೇ ಬಂತು. 2013ರ ಅಕ್ಟೋಬರ್ ನಂತರ ಈ ಹೊಣೆ ಸಾಮಾನ್ಯವಾಗಿ ದಾಖಲೆಯಲ್ಲಿದ್ದರೆ ಮಾತ್ರ ಹೊಸದಾಗಿ ಕೊಳ್ಳುವವರಿಗೆ ತಗಲುತ್ತದೆ.

ಹಂತ 9: ದುಡ್ಡಿನ ಲೆಕ್ಕ

6 ಲಕ್ಷ ಪೌಂಡಿನ ಮನೆ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ ಸ್ಟಾಂಪ್ ಡ್ಯೂಟಿ ಹೀಗೆ: ಮೊದಲ 1,25,000ಕ್ಕೆ ಸೊನ್ನೆ, ಮುಂದಿನ 1,25,000ಕ್ಕೆ ಶೇ. 2, ಉಳಿದ 3,50,000ಕ್ಕೆ ಶೇ. 5. ಒಟ್ಟು 20,000 ಪೌಂಡು. ಆದರೆ ನಿಮ್ಮ ಹೆಸರಿನಲ್ಲಿ ಬೇರೆ ಮನೆ ಇದ್ದರೆ ಇಡೀ ಬೆಲೆಯ ಮೇಲೆ ಇನ್ನೂ ಶೇ. 5 ಸೇರುತ್ತದೆ, 20,000 ಹೋಗಿ 50,000 ಆಗುತ್ತದೆ. ಬೇರೆ ಮನೆ ಎಂದರೆ ಜಗತ್ತಿನ ಎಲ್ಲಿದ್ದರೂ ಲೆಕ್ಕವೇ. ಬೆಂಗಳೂರಿನ ಫ್ಲಾಟು, ಮೈಸೂರಿನ ಮನೆ, ಎಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಸಾಕು. ಈಗ ವಾಸವಿರುವ ಸ್ವಂತ ಮನೆ ಮಾರಿ ಅದರ ಬದಲಿಗೆ ಇದನ್ನು ಕೊಳ್ಳುವುದಾದರೆ ಈ ಹೆಚ್ಚುವರಿ ಬೀಳುವುದಿಲ್ಲ. ಬಾಡಿಗೆ ಮನೆಯಲ್ಲಿದ್ದು, ಊರಲ್ಲಿ ಫ್ಲಾಟ್ ಇಟ್ಟುಕೊಂಡವರಿಗೆ ಬೀಳುತ್ತದೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ಪಿತ್ರಾರ್ಜಿತ ಪಾಲಿಗೆ ಕೆಲವು ವಿನಾಯಿತಿಗಳಿವೆ, ತೆರಿಗೆ ಸಲಹೆಗಾರರನ್ನು ಕೇಳಿ.

ಊರಿನ ಆಸ್ತಿ ಮಾರಿ ದುಡ್ಡು ತರುವವರು ಈಗಲೇ ಶುರುಮಾಡಬೇಕು. ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಭಾರತದ ಗಳಿಕೆ ಇಡುವ ಬ್ಯಾಂಕ್ ಖಾತೆ) ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಆದರೆ ತೆರಿಗೆ ಕಟ್ಟಿದ ದಾಖಲೆ, ಚಾರ್ಟರ್ಡ್ ಅಕೌಂಟೆಂಟ್ ಪತ್ರ ಬೇಕು. ಇಲ್ಲಿಯ ಸಾಲಿಸಿಟರ್ ಕೂಡ ಈ ದುಡ್ಡು ಎಲ್ಲಿಂದ ಬಂತು ಎಂದು ಕ್ರಯಪತ್ರದಿಂದ ಬ್ಯಾಂಕ್ ಸ್ಟೇಟ್‌ಮೆಂಟ್‌ವರೆಗೆ ಕೇಳುತ್ತಾರೆ. ಕನ್ನಡದ ಪತ್ರಗಳಿದ್ದರೆ ಅನುವಾದ ಮೊದಲೇ ಮಾಡಿಸಿಡಿ.

ರಿಪೇರಿಗೆ ವ್ಯಾಟ್ ಶೇ. 20. ಲಿಸ್ಟೆಡ್ ಮನೆಗಳ ಒಪ್ಪಿಗೆ ಪಡೆದ ಬದಲಾವಣೆಗೆ ಹಿಂದೆ ವ್ಯಾಟ್ ಇರಲಿಲ್ಲ, 2012ರ ಅಕ್ಟೋಬರಿನಲ್ಲಿ ಆ ಸೌಲಭ್ಯ ಹೋಯಿತು. ಮನೆ ಎರಡು ವರ್ಷಕ್ಕಿಂತ ಹೆಚ್ಚು ಖಾಲಿಯಿದ್ದರೆ ಮಾತ್ರ ಬಹಳಷ್ಟು ಕೆಲಸಕ್ಕೆ ಶೇ. 5 ಹಾಕಬಹುದು. ಖಾಲಿಯಿತ್ತು ಎಂಬ ಪತ್ರವನ್ನು ಕೌನ್ಸಿಲ್‌ನಿಂದ ಪಡೆದು ಗುತ್ತಿಗೆದಾರರಿಗೆ ಕೊಡಬೇಕು. ಸಾಮಾನು ನೀವೇ ಕೊಂಡರೆ ಶೇ. 20 ಕಟ್ಟಲೇಬೇಕು. ಖಾಸಗಿ ಮನೆಗಳಿಗೆ ಅನುದಾನ ಸಿಗುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ, ಬಲು ಅಪರೂಪ.

ಅಡುಗೆಮನೆ, ಬಚ್ಚಲು ಬಳಸುವಂತಿಲ್ಲದಿದ್ದರೆ ಸಾಮಾನ್ಯ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಅಥವಾ ಒಂದು ಪಾಲನ್ನು ಕೆಲಸ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುತ್ತವೆ. ಆಫರ್ ಕೊಡುವ ಮುಂಚೆಯೇ ಬ್ರೋಕರ್ ಹತ್ತಿರ ಮಾತಾಡಿ. ವಿಮೆಯ ಮೊತ್ತ ನೀವು ಕೊಟ್ಟ ಬೆಲೆಯಲ್ಲ, ಸುಟ್ಟುಹೋದರೆ ಅದೇ ಕಲ್ಲು, ಅದೇ ಓಕ್, ಅದೇ ಸುಣ್ಣದಲ್ಲಿ ಮತ್ತೆ ಕಟ್ಟುವ ವೆಚ್ಚ. ಅದು ಕೊಂಡ ಬೆಲೆಗಿಂತ ಜಾಸ್ತಿ ಇರಬಹುದು.

ಸರ್ವೇಯರ್ ಕೊಟ್ಟ ಅಂದಾಜಿಗೆ ಕನಿಷ್ಠ ಶೇ. 25 ಸೇರಿಸಿ ಎಂಬುದು ನನ್ನ ಸಲಹೆ. ಗೋಡೆ ತೆರೆದ ಮೇಲೇ ಗೋಡೆಯೊಳಗಿನದ್ದು ಗೊತ್ತಾಗುವುದು. ಆ ಶೇ. 25 ನಿಮ್ಮ ಹತ್ತಿರ ಇಲ್ಲ ಎಂದಾದರೆ ಆ ಮನೆ ನಿಮ್ಮ ಕೈಗೆ ಮೀರಿದ್ದು.

ಹಂತ 10: ತೀರ್ಮಾನ

ಒಂದು ಚಳಿಗಾಲವನ್ನು ಕಲ್ಪಿಸಿಕೊಳ್ಳಿ. ಎರಡೇ ಕೋಣೆ ಬೆಚ್ಚಗಿವೆ, ಮೇಲಿನ ಮಹಡಿಗೆ ಬೀಗ, ಶಾಲೆಗೆ ಇಪ್ಪತ್ತು ನಿಮಿಷದ ಕಾರ್ ದಾರಿ, ಬಡಗಿ ಮಾರ್ಚಿಗೆ ಬರುತ್ತೇನೆ ಅಂದಿದ್ದಾರೆ. ಮನೆಯವರೆಲ್ಲ ಇದಕ್ಕೆ ತಯಾರಿದ್ದಾರಾ? ಅಥವಾ ಬಾಡಿಗೆ ಮನೆಯ ಖರ್ಚೂ ಒಂದೆರಡು ವರ್ಷ ಹೊರಬಲ್ಲಿರಾ? ಒಬ್ಬರು ಒಲ್ಲೆ ಎಂದರೂ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಮನೆ ರಿಪೇರಿಯಾಗುತ್ತದೆ, ಮುರಿದ ಮನಸ್ಸು ಅಷ್ಟು ಸುಲಭಕ್ಕೆ ಆಗುವುದಿಲ್ಲ.

ನಾನಾದರೆ ಹೀಗೆ ಅಳೆಯುತ್ತೇನೆ. ಸೂರು, ಗಟರ್, ಗೋಡೆಗಳ ದೋಷ ಏನೆಂದು ಗೊತ್ತಾಗಿದೆ, ಖರ್ಚು ಅಂದಾಜಾಗಿದೆ, ದುಡ್ಡು ಇದೆ: ಮುಂದುವರಿಯಿರಿ, ಮನೆ ಎಷ್ಟೇ ಹಾಳಾಗಿ ಕಂಡರೂ. ಮನೆ ಚೆನ್ನಾಗಿ ಕಾಣುತ್ತದೆ, ಆದರೆ ಅನುಮತಿಯಿಲ್ಲದ ದೊಡ್ಡ ಕೆಲಸಗಳಾಗಿವೆ, ಮಾರುವವರು ಕಾಗದ ತೋರಿಸುತ್ತಿಲ್ಲ: ಬಿಡಿ. ಯಾರೂ ಕೈಹಾಕದೆ ಸೋರುತ್ತಿರುವ ಮನೆ, ಹೊಸ ಪೇಂಟು, ಹೊಸ ಸಿಮೆಂಟು, ಹೊಸ ಕಿಟಕಿಯಿಂದ ಮಿಂಚುವ ಮನೆಗಿಂತ ಎಷ್ಟೋ ಸಲ ಒಳ್ಳೆಯ ಕೊಳ್ಳುವಿಕೆ. ಮೊದಲನೆಯದರಲ್ಲಿ ಮೂಲ ವಸ್ತುಗಳು ಇನ್ನೂ ಉಳಿದಿರುತ್ತವೆ.

ಆಫರ್ ಕೊಡುವಾಗ ಸರ್ವೆಯಲ್ಲಿ ಬಂದ ತುರ್ತು ಕೆಲಸಗಳ ಪಟ್ಟಿಯನ್ನೂ ಜೊತೆಗೆ ಕೊಡಿ, ಬೆಲೆ ಏಕೆ ಇಳಿಸಿದ್ದೀರಿ ಎಂದು ಅವರಿಗೂ ತಿಳಿಯಲಿ. ಇಂಗ್ಲೆಂಡಿನಲ್ಲಿ ಒಪ್ಪಂದದ ಪತ್ರ ವಿನಿಮಯ ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅಲ್ಲಿಯವರೆಗೆ ನೀವೂ ಸ್ವತಂತ್ರರು. ಪತ್ರ ವಿನಿಮಯವಾದ ಕ್ಷಣದಿಂದ, ಕೀಲಿ ಕೈಗೆ ಬರುವುದು ಇನ್ನೂ ವಾರಗಳ ನಂತರವಾದರೂ, ಮನೆಗೆ ಆಗುವ ಹಾನಿ ಸಾಮಾನ್ಯವಾಗಿ ಕೊಳ್ಳುವವರದ್ದೇ. ಆದ್ದರಿಂದ ವಿಮೆ ಆ ದಿನದಿಂದಲೇ ಶುರುವಾಗಬೇಕು. ಮನೆ ಖಾಲಿ ಇದೆ, ಕೆಲಸ ನಡೆಯಲಿದೆ ಎಂಬುದನ್ನು ವಿಮೆಯವರಿಗೆ ಬರವಣಿಗೆಯಲ್ಲಿ ಹೇಳಿ. ಹೇಳದಿದ್ದರೆ ಎಷ್ಟೋ ಪಾಲಿಸಿಗಳು 30 ದಿನ ಖಾಲಿಯಿದ್ದ ಮನೆಯ ನೀರಿನ ಹಾನಿಗೆ, ಕಳ್ಳತನಕ್ಕೆ ಪರಿಹಾರ ಕೊಡುವುದಿಲ್ಲ. ಕೀಲಿ ಸಿಕ್ಕ ವಾರವೇ ಗಟರ್ ತೊಳೆಸಿ, ಜಾರಿದ ಹೆಂಚು ಕೂರಿಸಿ, ಮುಚ್ಚಿದ ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ. ಒಂದು ವರ್ಷ ಆ ಮನೆಯ ಮಳೆ, ಚಳಿ, ಬಿಸಿಲು ನೋಡಿ. ದೊಡ್ಡ ಕೆಲಸದ ಅರ್ಜಿ ಆಮೇಲೆ ಹಾಕಿ.